ಬೆಂಕಿ ಬಿದ್ದ ಹಿಂದಿನ ದಿನದ ಲೆಕ್ಕ

“ಸಾರ್, ಇಪ್ಪತ್ತು ಲಕ್ಷಕ್ಕೆ ಇನ್ಶೂರೆನ್ಸ್ ಮಾಡಿಸಿದ್ದೀನಿ. ಹೋಗಿರೋದು ಹತ್ತು ಲಕ್ಷದ ಮಾಲು. ಇಪ್ಪತ್ತರ ಒಳಗೇ ಇದೆ ಅಲ್ವಾ? ಮತ್ತೆ ಐದು ಲಕ್ಷ ಅಂತ ಯಾವ ಲೆಕ್ಕದಲ್ಲಿ ಬರೆದ್ರಿ?”

ನನಗೆ ಅತಿ ಹೆಚ್ಚು ಬೈಗುಳ ತಂದುಕೊಟ್ಟ ಪ್ರಶ್ನೆ ಇದು. ಕೇಳಿದವರು ಬೇರೆ ಬೇರೆ, ಅಂಕಿ ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ನಾನು ವಿಮಾ ಸರ್ವೇಯರ್. ಅಂಗಡಿಗೆ ಬೆಂಕಿ ಬಿದ್ದರೆ, ಗೋಡೌನ್‌ಗೆ ನೀರು ನುಗ್ಗಿದರೆ, ಲಾರಿ ಮಗುಚಿದರೆ ಕಂಪನಿಯವರು ನಮ್ಮನ್ನು ಕಳಿಸುತ್ತಾರೆ. 1938ರ ವಿಮಾ ಕಾಯ್ದೆಯಲ್ಲೇ ಇದಕ್ಕೆ ಜಾಗ ಇದೆ, 64ಯುಎಂ ಅನ್ನೋ ಸೆಕ್ಷನ್. ವಾಹನದ ನಷ್ಟ 50,000 ರೂಪಾಯಿ ಮುಟ್ಟಿದರೆ, ಬೇರೆ ನಷ್ಟ 1 ಲಕ್ಷ ಮುಟ್ಟಿದರೆ, ಲೈಸೆನ್ಸ್ ಇರುವ ಸರ್ವೇಯರ್ ನೋಡಿ ವರದಿ ಕೊಡಬೇಕು. ನಾವು ಕಂಪನಿಯ ನೌಕರರಲ್ಲ. ಆದರೆ ಸುಟ್ಟ ಅಂಗಡಿಯ ಮುಂದೆ ನಿಂತವನಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಕಾಣಲಿ ಅಂತ ಆ ಹೊತ್ತಲ್ಲಿ ಬಯಸುವುದೂ ಸರಿಯಲ್ಲ.

ಮೇಲಿನ ಪ್ರಶ್ನೆ ಕೇಳಿದವರು ನಮ್ಮ ಕಡೆಯ ಒಂದು ತಾಲ್ಲೂಕು ಕೇಂದ್ರದ ಬಟ್ಟೆ ವ್ಯಾಪಾರಿ. ಶೆಟ್ರು ಅಂತಿರಲಿ. ಅಂಕಿಗಳನ್ನು ಲೆಕ್ಕ ಅರ್ಥವಾಗಲಿ ಅಂತ ದುಂಡಗೆ ಮಾಡಿಕೊಂಡಿದ್ದೇನೆ. ರಾತ್ರಿ ಅಂಗಡಿಯ ಮೂಲೆಯಲ್ಲಿದ್ದ ಯುಪಿಎಸ್‌ನಿಂದ ಹೊತ್ತಿಕೊಂಡ ಬೆಂಕಿ ರೆಡಿಮೇಡ್ ವಿಭಾಗವನ್ನು ಪೂರ್ತಿ ತಿಂದಿತ್ತು. ಸೀರೆ ವಿಭಾಗಕ್ಕೆ ಬೆಂಕಿ ಹೋಗಿರಲಿಲ್ಲ. ಆದರೆ ಅಗ್ನಿಶಾಮಕದವರ ನೀರು ಹೋಗಿತ್ತು.

ಇಲ್ಲೊಂದು ವಿಷಯ ಜನರಿಗೆ ಗೊತ್ತಿರುವುದಿಲ್ಲ. ಬೆಂಕಿ ಆರಿಸಲು ಹೊಡೆದ ನೀರಿನಿಂದ ಹಾಳಾದರೂ ಅದು ಬೆಂಕಿಯ ನಷ್ಟವೇ. ಹೊಗೆ ಹಿಡಿದರೂ ಅಷ್ಟೇ. ಶೆಟ್ರ ಮಗ ನೆನೆದ ಸೀರೆಗಳನ್ನು ಪಟ್ಟಿಗೇ ಸೇರಿಸಿರಲಿಲ್ಲ, “ಅವು ಸುಟ್ಟಿಲ್ವಲ್ಲ ಸಾರ್” ಅಂದ. ಸೇರಿಸಪ್ಪ ಅಂತ ನಾನೇ ಹೇಳಬೇಕಾಯಿತು.

ಇನ್ನೊಂದು ತಪ್ಪು ತಿಳಿವಳಿಕೆ, ಸರ್ವೇಯರ್ ಬರುವವರೆಗೆ ಏನನ್ನೂ ಮುಟ್ಟಬಾರದು ಅನ್ನೋದು. ಅರ್ಧ ಮಾತ್ರ ನಿಜ. ಬೂದಿ, ಅವಶೇಷ, ಬೆಂಕಿ ಶುರುವಾದ ಜಾಗ, ಇವನ್ನು ಮುಟ್ಟಬಾರದು. ಆದರೆ ಉಳಿದ ಮಾಲನ್ನು ಉಳಿಸಿಕೊಳ್ಳುವುದು ವಿಮೆ ಮಾಡಿಸಿದವರ ಕರ್ತವ್ಯ. ವಿಮೆಯೇ ಇಲ್ಲದಿದ್ದರೆ ಏನು ಮಾಡುತ್ತಿದ್ದಿರೋ ಅದನ್ನೇ ಮಾಡಿ ಅನ್ನುತ್ತದೆ ನಿಯಮ. ನೆನೆದ ಸೀರೆಯನ್ನು ಮಡಿಕೆಯಲ್ಲೇ ಬಿಟ್ಟರೆ ಒಂದರ ಬಣ್ಣ ಇನ್ನೊಂದಕ್ಕೆ ಇಳಿಯುತ್ತದೆ, ಜರಿ ಕಪ್ಪಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಫೋಟೋ ತೆಗೆದುಕೊಂಡು, ಬಿಡಿಸಿ, ನೆರಳಲ್ಲಿ ಹರವಿದರೆ ಅರ್ಧ ಬೆಲೆಗಾದರೂ ಹೋಗುತ್ತದೆ. ನಾನು ಹೋದಾಗ ಅಂಗಡಿಯ ಹಿಂದಿನ ಕಲ್ಯಾಣ ಮಂಟಪದ ಹಾಲ್ ತುಂಬ ಹಗ್ಗ ಕಟ್ಟಿ ಸೀರೆ ಒಣಹಾಕಿದ್ದರು. ಶೆಟ್ರ ಮನೆಯ ಹೆಂಗಸರ ಕೆಲಸ ಅದು. ಯಾರೂ ಹೇಳಿಕೊಟ್ಟಿರಲಿಲ್ಲ.

ಸರಿ, ಬೆಂಕಿಯಲ್ಲಿ ಹೋದ ಮಾಲನ್ನು ಎಣಿಸುವುದು ಹೇಗೆ? ಬಟ್ಟೆ ಸುಟ್ಟರೆ ಬೂದಿ, ಬೂದಿಯಲ್ಲಿ ರೇಟಿನ ಚೀಟಿ ಇರುವುದಿಲ್ಲ. ಆದರೂ ಕೆಲವು ಗುರುತು ಉಳಿಯುತ್ತವೆ. ಬಟ್ಟೆಯನ್ನು ಬಿಗಿಯಾಗಿ ಒಟ್ಟಿದ್ದರೆ ಅಂಚು ಸುಟ್ಟು ನಡುವೆ ಹಾಗೇ ಇರುತ್ತದೆ, ಗಾಳಿ ಒಳಗೆ ಹೋಗಿರುವುದಿಲ್ಲ. ಆ ಕಪ್ಪು ದಿಂಡನ್ನು ಸೀಳಿ ಮಡಿಕೆ ಎಣಿಸಬಹುದು. ನೇತುಹಾಕಿದ ಡ್ರೆಸ್ ಪೂರ್ತಿ ಹೋಗಿರುತ್ತದೆ, ಪ್ಲಾಸ್ಟಿಕ್ ಹ್ಯಾಂಗರ್ ಕೂಡ ಕರಗಿರುತ್ತದೆ, ಆದರೆ ಹ್ಯಾಂಗರಿನ ಸ್ಟೀಲ್ ಕೊಕ್ಕೆ ಕೆಳಗೆ ಬಿದ್ದಿರುತ್ತದೆ. ಜೀನ್ಸ್ ಪ್ಯಾಂಟಿನ ಲೋಹದ ಗುಂಡಿ, ಜಿಪ್ಪಿನ ಎಳೆ ಉಳಿಯುತ್ತವೆ. ಶೆಟ್ರ ಅಂಗಡಿಯಲ್ಲಿ ನಾನೂ ಅವರ ಇಬ್ಬರು ಹುಡುಗರೂ ಕೂತು ಜರಡಿ ಹಿಡಿದು ಕೊಕ್ಕೆ ಆರಿಸಿದೆವು. ನೂರು ನೂರರ ಗುಡ್ಡೆ ಹಾಕಿದೆವು. ಸಂಜೆ ಹೊತ್ತಿಗೆ ಮೂರೂ ಜನರ ಮುಖ ಒಂದೇ ಬಣ್ಣ. ಆಮೇಲೆ ಶೆಟ್ರು ಕೊಟ್ಟ ಪಟ್ಟಿಯಲ್ಲಿದ್ದ ಸಂಖ್ಯೆಗೂ ಕೊಕ್ಕೆಗೂ ಹೆಚ್ಚುಕಮ್ಮಿ ತಾಳೆಯಾಯಿತು. ಅವತ್ತಿನಿಂದ ನಾನು ಅವರ ಮಾತನ್ನು ಜಾಸ್ತಿ ಕೆದಕಲಿಲ್ಲ.

ಎಣಿಕೆ ಒಂದು ಕಾಲು ಮಾತ್ರ, ಇನ್ನೊಂದು ಕಾಲು ಪುಸ್ತಕ. ಬೆಂಕಿಯ ದಿನ ಅಂಗಡಿಯಲ್ಲಿ ಎಷ್ಟು ಮಾಲು ಇತ್ತು ಅನ್ನೋದನ್ನು ಪುಸ್ತಕದಿಂದ ಕಟ್ಟಬೇಕು. ಏಪ್ರಿಲ್ 1ಕ್ಕೆ ಇದ್ದ ಸ್ಟಾಕ್ 30 ಲಕ್ಷ. ಅಲ್ಲಿಂದ ಬೆಂಕಿಯ ದಿನದವರೆಗೆ ಖರೀದಿ 62 ಲಕ್ಷ. ಒಟ್ಟು 92. ಮಾರಾಟ 65 ಲಕ್ಷ, ಅದರಲ್ಲಿ ಹಿಂದಿನ ವರ್ಷಗಳ ಲೆಕ್ಕದಂತೆ ಶೇಕಡ 20 ಲಾಭ, ಅಂದರೆ ಮಾರಿದ ಮಾಲಿನ ಅಸಲು 52 ಲಕ್ಷ. 92ರಲ್ಲಿ 52 ಕಳೆದರೆ 40. ಆ ರಾತ್ರಿ ಅಂಗಡಿಯಲ್ಲಿ ಇದ್ದದ್ದು 40 ಲಕ್ಷದ ಮಾಲು. ಮಾರುವ ಬೆಲೆಯಲ್ಲಿ ಅಲ್ಲ, ಅಸಲಿನಲ್ಲಿ. ವಿಮೆ ನಷ್ಟ ತುಂಬುತ್ತದೆಯೇ ಹೊರತು, ಮಾರಿದ್ದರೆ ಬರಬಹುದಾಗಿದ್ದ ಲಾಭವನ್ನಲ್ಲ. ಬೆಂಕಿಯ ಹಿಂದಿನ ದಿನ ನೀವು ಹೇಗಿದ್ದಿರೋ ಅಲ್ಲಿಗೆ ತಂದು ನಿಲ್ಲಿಸಬೇಕು, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಅಲ್ಲ. ಈ ಒಂದೇ ಮಾತಿನಿಂದ ನಮ್ಮ ಉದ್ಯೋಗದ ಮುಕ್ಕಾಲು ಪಾಲು ನಿಯಮ ಹುಟ್ಟಿವೆ.

ಉಳಿದ ಒಳ್ಳೇ ಮಾಲು ಎಣಿಸಿದಾಗ 28 ಲಕ್ಷ ಬಂತು. ಹೋದದ್ದು, ಹಾಳಾದದ್ದು ಸೇರಿ 12 ಲಕ್ಷ. ಹಾಳಾದದ್ದರಲ್ಲಿ ಹರಾಜಿಗೆ ಹಾಕಿದರೆ ಬರುವ 2 ಲಕ್ಷ ಸಾಲ್ವೇಜ್ ಕಳೆದರೆ ನಷ್ಟ 10 ಲಕ್ಷ. ಇಲ್ಲಿಯವರೆಗೆ ಶೆಟ್ರಿಗೂ ನನಗೂ ಜಗಳ ಇಲ್ಲ. ಇಬ್ಬರೂ ಕಾಫಿ ಕುಡಿದೆವು.

ಜಗಳ ಮುಂದಿನ ಸಾಲಿನಲ್ಲಿದೆ. 40 ಲಕ್ಷದ ಮಾಲಿಗೆ ವಿಮೆ 20 ಲಕ್ಷಕ್ಕೆ. ಅಂದರೆ ಪ್ರೀಮಿಯಂ ಕಟ್ಟಿದ್ದು ಅರ್ಧ ಮಾಲಿಗೆ. ಉಳಿದರ್ಧಕ್ಕೆ ಶೆಟ್ರೇ ವಿಮಾ ಕಂಪನಿ ಅಂತ ಲೆಕ್ಕ. ಹಾಗಾಗಿ ಯಾವುದೇ ನಷ್ಟವಾದರೂ ಅರ್ಧ ಕಂಪನಿಯದು, ಅರ್ಧ ಅವರದು. ಹತ್ತರಲ್ಲಿ ಐದು. ನಮ್ಮ ಭಾಷೆಯಲ್ಲಿ ಇದು ಆವರೇಜ್ ಕಲಂ. ಪಾಲಿಸಿಯಲ್ಲಿ ಅಚ್ಚಾಗಿರುತ್ತದೆ. ಯಾರೂ ಓದಿರುವುದಿಲ್ಲ, ಮಾರಿದವನೂ ಸೇರಿ.

“ಇಪ್ಪತ್ತು ಲಕ್ಷ ಅಂತ ಯಾರು ಹೇಳಿದ್ದು ಶೆಟ್ರೇ?” ಅಂತ ಕೇಳಿದೆ.

“ಬ್ಯಾಂಕಿನವರೇ ಮಾಡಿಸಿದ್ದು ಸಾರ್. ಓಡಿ, ಅದೇ ಓವರ್‌ಡ್ರಾಫ್ಟ್ ಸಾಲದ ಲಿಮಿಟ್ ಇಪ್ಪತ್ತು ಲಕ್ಷ.”

ಇದೇ ನನ್ನ ತಕರಾರು, ಇದನ್ನು ಹೇಳಲಿಕ್ಕೇ ಈ ಬರಹ ಶುರು ಮಾಡಿದ್ದು. ಬ್ಯಾಂಕಿಗೆ ಬೇಕಿರುವುದು ಅದರ ಸಾಲದ ಭದ್ರತೆ. ಸಾಲ ಎಷ್ಟೋ ಅಷ್ಟಕ್ಕೆ ವಿಮೆ ಹಾಕಿ, ಪ್ರೀಮಿಯಂ ಖಾತೆಯಿಂದ ಕಳೆದುಕೊಂಡು, ಪಾಲಿಸಿಯನ್ನು ಫೈಲಿಗೆ ಸೇರಿಸುವುದು ಸಾಮಾನ್ಯ. ಎಷ್ಟೋ ವ್ಯಾಪಾರಿಗಳು ತಮ್ಮ ಪಾಲಿಸಿಯನ್ನು ಕಣ್ಣಾರೆ ನೋಡುವುದು ಬೆಂಕಿ ಬಿದ್ದ ಮೇಲೆ. ಆ ಕಲಂನಿಂದ ಬ್ಯಾಂಕಿಗೆ ತಕ್ಷಣ ಏನೂ ಆಗುವುದಿಲ್ಲ. ಐದು ಲಕ್ಷದ ಚೆಕ್ ಬಂದರೂ ಮೊದಲು ಹೋಗುವುದು ಸಾಲದ ಖಾತೆಗೆ. ಕ್ಲೇಮ್ ತೀರ್ಮಾನವಾಗುವುದು ಸರ್ವೇಯರ್ ಬಂದ ದಿನ ಅಲ್ಲ, ವಿಮೆಯ ಮೊತ್ತ ಬರೆದ ದಿನ. ನಾವು ಬಂದು ಮಾಡುವುದು ಗುಣಾಕಾರ ಭಾಗಾಕಾರ.

ನ್ಯಾಯವಾಗಿ ಹೇಳಬೇಕೆಂದರೆ ನಿಯಮಗಳು ಸ್ವಲ್ಪ ಮೆತ್ತಗಾಗಿವೆ. 2021ರ ಏಪ್ರಿಲ್ 1ರಿಂದ ಮೂರು ಹೊಸ ಪಾಲಿಸಿಗಳು ಬಂದವು. ಮನೆಗೆ ಭಾರತ್ ಗೃಹ ರಕ್ಷಾ, 5 ಕೋಟಿಯವರೆಗೆ ಆಸ್ತಿ ಇರುವ ಸಣ್ಣ ವ್ಯವಹಾರಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಅದರ ಮೇಲೆ 50 ಕೋಟಿಯವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ. ಮನೆಯ ಪಾಲಿಸಿಯಲ್ಲಿ ಆವರೇಜ್ ಕಾಟವೇ ಇಲ್ಲ. ಉದ್ಯಮದ ಪಾಲಿಸಿಗಳಲ್ಲಿ ಶೇಕಡ 15ರವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದರೆ 40 ಲಕ್ಷದ ಮಾಲಿಗೆ 34 ಲಕ್ಷದ ವಿಮೆ ಇದ್ದರೂ ಸಾಕು, ನಷ್ಟ ಪೂರ್ತಿ ಸಿಗುತ್ತದೆ. ಶೆಟ್ರದು ಅರ್ಧಕ್ಕರ್ಧ ಕೊರತೆ. ಅದಕ್ಕೆ ಯಾವ ರಿಯಾಯಿತಿಯೂ ತಲುಪಲ್ಲ. ದೀಪಾವಳಿಗೆ, ಮದುವೆ ಸೀಸನ್ನಿಗೆ ಮಾಲು ತುಂಬಿಸುವವರು ಆ ತಿಂಗಳಿಗೆ ಮೊತ್ತ ಏರಿಸಿಕೊಳ್ಳಬಹುದು. ಒಂದು ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ತಿದ್ದುಪಡಿ ಚೀಟಿ), ಒಂದಷ್ಟು ಹೆಚ್ಚಿನ ಪ್ರೀಮಿಯಂ. ಯಾರು ಮಾಡಿಸುತ್ತಾರೆ ಹೇಳಿ.

ಪುಸ್ತಕದ ವಿಷಯಕ್ಕೆ ವಾಪಸ್ ಬರುತ್ತೇನೆ, ಯಾಕೆಂದರೆ ಅಲ್ಲಿ ಇನ್ನೊಂದು ನಾಟಕ ನಡೆಯುತ್ತದೆ. ಕೆಲವರು ಬ್ಯಾಂಕಿಗೆ ತಿಂಗಳು ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಮಾಲು ಉಬ್ಬಿಸಿ ತೋರಿಸುತ್ತಾರೆ, ಲಿಮಿಟ್ ಕಡಿಮೆಯಾಗದಿರಲಿ ಅಂತ. ಅವರೇ ತೆರಿಗೆಯ ಲೆಕ್ಕದಲ್ಲಿ ಮಾಲು ಇಳಿಸಿ ತೋರಿಸುತ್ತಾರೆ. ಎರಡೂ ಕಾಗದ ವರ್ಷಗಟ್ಟಲೆ ಬೇರೆ ಬೇರೆ ಕಪಾಟಿನಲ್ಲಿ ಸುಖವಾಗಿರುತ್ತವೆ. ಬೆಂಕಿ ಬಿದ್ದ ದಿನ ಎರಡೂ ನನ್ನ ಟೇಬಲ್ಲಿಗೆ ಬರುತ್ತವೆ. ಬ್ಯಾಂಕಿನ ಅಂಕಿ ನಂಬಿದರೆ ಮಾಲು ಜಾಸ್ತಿ ಇತ್ತು, ಅಂದರೆ ಆವರೇಜ್ ಇನ್ನೂ ಬಿಗಿಯಾಗಿ ಬೀಳುತ್ತದೆ. ತೆರಿಗೆಯ ಅಂಕಿ ನಂಬಿದರೆ ಅಷ್ಟು ಮಾಲು ಅಂಗಡಿಯಲ್ಲಿ ಇರಲೇ ಇಲ್ಲ, ಸುಡುವುದಾದರೂ ಏನು? ಯಾವ ಕಡೆ ಹೋದರೂ ಪೆಟ್ಟು. ಜಿಎಸ್‌ಟಿ ಬಂದ ಮೇಲೆ ನಮ್ಮ ಕೆಲಸ ಹಗುರಾಗಿದೆ. ಸೂರತ್ತಿನವನು ಶೆಟ್ರಿಗೆ ಕಳಿಸಿದ ಪ್ರತಿ ಬಿಲ್ಲೂ ಜಿಎಸ್‌ಟಿ ಪೋರ್ಟಲ್‌ನ 2ಬಿಯಲ್ಲಿ, ಅಂದರೆ ಖರೀದಿ ಬಿಲ್ಲುಗಳ ಪಟ್ಟಿಯಲ್ಲಿ, ಕಾಣುತ್ತದೆ. ಬೆಂಕಿ ಬಿದ್ದ ಮೇಲೆ ಹುಟ್ಟಿದ ಬಿಲ್ ಅಲ್ಲಿ ಕಾಣುವುದಿಲ್ಲ.

ಜಿಎಸ್‌ಟಿ ಅಂದಾಗ ಇನ್ನೊಂದು. ಮಾಲು ಸುಟ್ಟುಹೋದರೆ ಆ ಮಾಲಿನ ಮೇಲೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಗೆ ಸಿಕ್ಕ ವಜಾ, ವಾಪಸ್ ಕಟ್ಟಬೇಕು. ಕಾಯ್ದೆಯ 17(5)ರಲ್ಲಿದೆ. ವಿಮೆಯ ಮೊತ್ತ ಹಾಕುವಾಗ ತೆರಿಗೆ ಸೇರಿಸಿ ಹಾಕಿಲ್ಲದಿದ್ದರೆ ಅದು ಕೈಯಿಂದಲೇ. ಕ್ಲೇಮ್ ಮುಗಿದು ಎಲ್ಲ ಸಮಾಧಾನವಾಯಿತು ಅನ್ನುವ ಹೊತ್ತಿಗೆ ಆಡಿಟರ್ ಫೋನ್ ಮಾಡಿ ಇದನ್ನು ಹೇಳುತ್ತಾರೆ.

ಬೆಂಕಿ ಹೊತ್ತಿಸಿದ ಯುಪಿಎಸ್ ಕಥೆ ಏನಾಯಿತು? ಶಾರ್ಟ್ ಸರ್ಕ್ಯೂಟ್ ಆದರೆ ವಿಮೆ ಬರಲ್ಲ ಅನ್ನುವ ಗಾಳಿಮಾತು ನಮ್ಮ ಪೇಟೆಗಳಲ್ಲಿ ಜೋರಾಗಿದೆ. ಅದರ ಅಸಲು ಇಷ್ಟೇ. ಯಾವ ಯಂತ್ರದ ಒಳಗೆ ಶಾರ್ಟ್ ಆಯಿತೋ ಆ ಯಂತ್ರಕ್ಕೆ ಮಾತ್ರ ಹಣ ಬರುವುದಿಲ್ಲ. ಅದರಿಂದ ಬೆಂಕಿ ಹರಡಿ ಬೇರೆ ಏನು ಸುಟ್ಟರೂ ಬರುತ್ತದೆ. ಶೆಟ್ರಿಗೆ ಯುಪಿಎಸ್ ದುಡ್ಡು ಸಿಗಲಿಲ್ಲ, ಅಂಗಡಿಯದು ಸಿಕ್ಕಿತು.

ನಷ್ಟಕ್ಕೆ ಅಸಲಿ ಕಾರಣ ಯಾವುದು ಅನ್ನುವ ಪ್ರಶ್ನೆಗೆ ನಮ್ಮ ಪರೀಕ್ಷೆಯ ಪುಸ್ತಕಗಳಲ್ಲಿ ಒಂದು ಹಡಗಿನ ಕಥೆ ಬರುತ್ತದೆ. ನನಗೆ ತುಂಬ ಇಷ್ಟ. 1915ರ ಜನವರಿ, ಮೊದಲ ಮಹಾಯುದ್ಧ. ಇಕಾರಿಯಾ ಅನ್ನುವ ಹಡಗಿಗೆ ಜರ್ಮನ್ ಟಾರ್ಪಿಡೊ ಬಡಿಯಿತು. ಮುಳುಗಲಿಲ್ಲ, ಹೇಗೋ ಫ್ರಾನ್ಸಿನ ಲ ಆವ್ರ್ ಬಂದರು ಸೇರಿತು. ಅಲ್ಲಿ ಬಿರುಗಾಳಿ ಎದ್ದಿತು. ಹಡಗು ಇಲ್ಲೇ ಮುಳುಗಿ ದಾರಿ ಕಟ್ಟಿಬಿಟ್ಟರೆ ಅಂತ ಹೆದರಿ ಬಂದರಿನವರು ಅದನ್ನು ಹೊರಗಿನ ಅಲೆಗೋಡೆಯ ಹತ್ತಿರ ಕಳಿಸಿದರು. ಇಳಿತ ಬಂದಾಗಲೆಲ್ಲ ತಳ ನೆಲಕ್ಕೆ ತಾಗಿ ತಾಗಿ ಕೊನೆಗೆ ಬೆನ್ನು ಮುರಿದು ಮುಳುಗಿತು. ಪಾಲಿಸಿಯಲ್ಲಿ ಸಮುದ್ರದ ಅಪಾಯಕ್ಕೆ ರಕ್ಷಣೆ ಇತ್ತು, ಯುದ್ಧದ ಪರಿಣಾಮಕ್ಕೆ ಇರಲಿಲ್ಲ. ಮುಳುಗಿಸಿದ್ದು ಗಾಳಿಯೋ ಟಾರ್ಪಿಡೊವೋ? 1918ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಟಾರ್ಪಿಡೊ ಅಂತ ತೀರ್ಪು ಕೊಟ್ಟಿತು. ಕೊನೆಗೆ ಬಂದ ಕಾರಣ ಅಲ್ಲ, ನಿಜವಾಗಿ ಕೆಲಸ ಮಾಡಿದ ಕಾರಣ ಮುಖ್ಯ. ಹಡಗಿನ ಒಡೆಯರಿಗೆ ಹಣ ಬರಲಿಲ್ಲ.

ಇದೇ ಪ್ರಶ್ನೆ 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಾರುಗಳ ಜೊತೆ ಬಂತು. ನೆಲಮಹಡಿಯ ಪಾರ್ಕಿಂಗಿನಲ್ಲಿ ಕಾರು ಮುಳುಗಿತು. ಪ್ರವಾಹದ ನಷ್ಟ, ಸೀಟು, ವೈರಿಂಗ್ ಎಲ್ಲ ಬರುತ್ತದೆ. ನೀರು ಇಳಿದ ಮೇಲೆ ಮಾಲೀಕ ಕೀಲಿ ತಿರುಗಿಸಿ ಸ್ಟಾರ್ಟ್ ಮಾಡಲು ನೋಡಿದ. ಸಿಲಿಂಡರಿನೊಳಗಿನ ನೀರು ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗಿತು, ಎಂಜಿನ್ ಹೋಯಿತು. ಇದು ಪ್ರವಾಹದಿಂದಾದ ನಷ್ಟವೋ ಕೀಲಿ ತಿರುಗಿಸಿದ್ದರಿಂದಾದ ನಷ್ಟವೋ? ಕಂಪನಿಗಳು ಎರಡನೆಯದು ಅನ್ನುತ್ತವೆ. ಎಂಜಿನ್ ಪ್ರೊಟೆಕ್ಟ್ ಅನ್ನೋ ಹೆಚ್ಚುವರಿ ರಕ್ಷಣೆ ಇಲ್ಲದಿದ್ದರೆ ಜಗಳ ಶುರು. ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ. ಅಷ್ಟೇ.

ವಾಹನದ ಕ್ಲೇಮಿನ ಬಗ್ಗೆ ಹೆಚ್ಚು ಬರೆಯಲ್ಲ. ಅಲ್ಲಿ ಬಹುತೇಕ ಕೋಷ್ಟಕದ ಕೆಲಸ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟೈರಿಗೆ ಶೇಕಡ 50 ಸವಕಳಿ. ಫೈಬರ್ ಗ್ಲಾಸಿಗೆ 30. ಗಾಜಿಗೆ ಇಲ್ಲ. ಲೋಹಕ್ಕೆ ಗಾಡಿಯ ವಯಸ್ಸಿನ ಪ್ರಕಾರ, ಮೊದಲ ಆರು ತಿಂಗಳು ಸೊನ್ನೆ, ಹತ್ತು ವರ್ಷ ದಾಟಿದರೆ 50. ರಿಪೇರಿ ಖರ್ಚು ಗಾಡಿಯ ಐಡಿವಿಯ, ಅಂದರೆ ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆಯ, ಶೇಕಡ 75 ದಾಟಿದರೆ ರಿಪೇರಿ ಬೇಡ, ಟೋಟಲ್ ಲಾಸ್. ಇವತ್ತಿನ ಬಂಪರ್ ಪೂರ್ತಿ ಪ್ಲಾಸ್ಟಿಕ್. ಹಾಗಾಗಿ ಸಣ್ಣ ಡಿಕ್ಕಿಯಲ್ಲೂ ಅರ್ಧ ನಮ್ಮ ಜೇಬಿಂದ ಹೋಗುತ್ತದೆ. ಜೀರೊ ಡೆಪ್, ಅಂದರೆ ಸವಕಳಿ ಕಳೆಯದ ರಕ್ಷಣೆ ಮಾಡಿಸಿದವರಿಗೆ ಈ ಕಾಟ ಇಲ್ಲ.

ನನ್ನ ಉದ್ಯೋಗದಲ್ಲಿ ಬೇಜಾರಿನ ಸಂಗತಿ ಒಂದಿದೆ. ಪ್ರಾಮಾಣಿಕರು ಕೂಡ ಉಬ್ಬಿಸಿ ಬರೆಯುತ್ತಾರೆ. ಹತ್ತು ಹೋಗಿದ್ದರೆ ಹದಿಮೂರು ಅನ್ನುತ್ತಾರೆ. ಸರ್ವೇಯರ್ ಹೇಗೂ ಕತ್ತರಿ ಹಾಕುತ್ತಾನೆ ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಉಬ್ಬಿಸಿರುತ್ತಾರೆ ಅಂತ ಗೊತ್ತಿರುವ ಸರ್ವೇಯರ್ ಕತ್ತರಿ ಹಾಕುತ್ತಾನೆ. ಅದನ್ನು ನೋಡಿ ಮುಂದಿನವನು ಇನ್ನೂ ಉಬ್ಬಿಸುತ್ತಾನೆ. ಬರೀ ಹತ್ತು ಅಂತ ಸತ್ಯ ಬರೆದವನಿಗೂ ಅದೇ ಕತ್ತರಿ ಬೀಳುತ್ತದೆ, ಸುಮ್ನೆ. ಕಾಗದದಲ್ಲಿ ಪರಮ ವಿಶ್ವಾಸದ ಒಪ್ಪಂದ, ಮೈದಾನದಲ್ಲಿ ಸಂತೆಯ ಚೌಕಾಸಿ. ಇದನ್ನು ಮುರಿಯಲು ಕೊಕ್ಕೆ ಎಣಿಸುವುದೊಂದೇ ದಾರಿ ಅನ್ನಿಸುತ್ತದೆ. ಅಂದಾಜಿನಲ್ಲಿ ಶೇಕಡಾವಾರು ಹೊಡೆದು ಕಡಿಮೆ ಮಾಡುವ ಸರ್ವೇಯರ್ ನಮ್ಮ ವೃತ್ತಿಗೆ ಕೆಟ್ಟ ಹೆಸರು ತರುತ್ತಾನೆ. ಕಡಿಮೆ ಮಾಡಿದ್ದಕ್ಕೆ ಕಾರಣ ಬರೆಯದ ವರದಿ ವರದಿಯಲ್ಲ.

ನಮ್ಮ ವರದಿ ಅಂತಿಮವೂ ಅಲ್ಲ. ಅದು ಮುಖ್ಯ ಆಧಾರ, ಆದರೆ ಕೊನೆಯ ಮಾತಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಕೇಳಿದರೆ ವರದಿಯ ಪ್ರತಿ ನಿಮಗೆ ಕೊಡಬೇಕು. ಕೇಳಿ. ನಾಚಿಕೆ ಬೇಡ. 2024ರಲ್ಲಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಗಡುವುಗಳನ್ನು ಬಿಗಿ ಮಾಡಿತು. ಸರ್ವೇಯರ್ ನೇಮಕ 24 ಗಂಟೆಯೊಳಗೆ, ವರದಿ 15 ದಿನದೊಳಗೆ, ವರದಿ ಬಂದ 7 ದಿನದೊಳಗೆ ಕಂಪನಿಯ ತೀರ್ಮಾನ. ದೊಡ್ಡ ಬೆಂಕಿಯಲ್ಲಿ 15 ದಿನ ಸಾಲುವುದಿಲ್ಲ ಅಂತ ನಾವು ಗೊಣಗುತ್ತೇವೆ, ನಿಜವೂ ಹೌದು. ಆದರೆ ತಿಂಗಳುಗಟ್ಟಲೆ ಫೈಲ್ ಮಲಗಿಸಿದವರಲ್ಲಿ ನಮ್ಮವರೂ ಇದ್ದರಲ್ಲ.

ಹಣ ಕೊಡುವಾಗ ಡಿಸ್ಚಾರ್ಜ್ ವೋಚರ್‌ಗೆ, ಅಂದರೆ ಕ್ಲೇಮ್ ಹಣ ಒಪ್ಪಿಕೊಂಡ ಚೀಟಿಗೆ, ಸಹಿ ಕೇಳುತ್ತಾರೆ. ಸಹಿ ಹಾಕಿದರೆ ಮುಗೀತು, ಮತ್ತೆ ಕೇಳುವ ಹಾಗಿಲ್ಲ ಅಂತ ಹೆದರಿಸುವವರಿದ್ದಾರೆ. ಬರೀ ಆ ಸಹಿಯಿಂದ ಹೆಚ್ಚಿನ ಮೊತ್ತ ಕೇಳುವ ಹಕ್ಕು ಹೋಗುವುದಿಲ್ಲ ಅಂತ 2015ರಲ್ಲೇ ಸುತ್ತೋಲೆ ಬಂದಿದೆ. ಒಪ್ಪಿಗೆಯಾಗದಿದ್ದರೆ ಮೊದಲು ಕಂಪನಿಯ ದೂರು ವಿಭಾಗ, ಆಮೇಲೆ ವಿಮಾ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್. ಕರ್ನಾಟಕದವರಿಗೆ ಅದರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ವಿವಾದ ನೋಡುತ್ತಾರೆ. ಒಬ್ಬರೇ ಮಾಲೀಕರಾಗಿರುವ ಶೆಟ್ರಂಥ ವ್ಯಾಪಾರಿಗಳೂ ಹೋಗಬಹುದು. ಶೆಟ್ರಿಗೆ ಇದನ್ನೆಲ್ಲ ಹೇಳಿದೆ. ಅವರು ಹೋಗಲಿಲ್ಲ. “ಲೆಕ್ಕ ಸರಿಯಾಗೇ ಇದೆಯಲ್ಲ ಸಾರ್, ಹೋಗಿ ಏನು ಹೇಳಲಿ?” ಅಂದರು. ಅವರ ಸಿಟ್ಟು ನನ್ನ ಮೇಲಿಂದ ಬ್ಯಾಂಕಿನ ಮೇಲೆ ಹೋಗಿತ್ತು. ಅಲ್ಲಿ ಹೋಗಿ ಕೇಳಿದರೆ ಆಗಿನ ಮ್ಯಾನೇಜರ್ ವರ್ಗವಾಗಿದ್ದರಂತೆ.

ಕೊನೆಗೆ, ಓದುಗರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಫೀಸು ಕೊಡುವುದು ವಿಮಾ ಕಂಪನಿ. ಕೆಲಸ ಬರುವುದು ಅವರ ಪ್ಯಾನೆಲ್‌ನಿಂದ. ನಾವು ಎರಡೂ ಕಡೆಗೆ ಸಮನಾಗಿರಬೇಕು ಅಂತ ನಿಯಮ ಹೇಳುತ್ತದೆ, ಬಹಳ ಜನ ಹಾಗೇ ಇದ್ದಾರೆ. ಆದರೆ ಯಾವಾಗಲೂ ಜಾಸ್ತಿ ಬರೆಯುವ ಸರ್ವೇಯರ್‌ಗೆ ಮುಂದಿನ ಫೋನ್ ಬರುವುದು ತಡವಾಗುತ್ತದೆ. ಇದಕ್ಕೆ ಯಾರೂ ಲಿಖಿತ ಆದೇಶ ಹೊರಡಿಸಬೇಕಿಲ್ಲ. ಅಮೆರಿಕದಲ್ಲಿ ಪಾಲಿಸಿ ಮಾಡಿಸಿದವರ ಪರವಾಗಿಯೇ ನಷ್ಟ ಲೆಕ್ಕಹಾಕಿ, ಬಂದ ಹಣದಲ್ಲಿ ಪಾಲು ತೆಗೆದುಕೊಳ್ಳುವ ಪಬ್ಲಿಕ್ ಅಡ್ಜಸ್ಟರ್‌ಗಳಿದ್ದಾರೆ. ಅದಕ್ಕೂ ಅದರದೇ ರೋಗ ಇದೆ, ಪಾಲು ಸಿಗುವವನು ನಷ್ಟವನ್ನು ಸಣ್ಣದಾಗಿ ಯಾಕೆ ನೋಡುತ್ತಾನೆ? ಇಬ್ಬರಿಂದಲೂ ನೇರ ಹಣ ಪಡೆಯದೆ, ಒಂದು ಸಾಮಾನ್ಯ ನಿಧಿಯಿಂದ ಫೀಸು ಬಂದು, ಸರದಿಯ ಪ್ರಕಾರ ಕೆಲಸ ಹಂಚಿಕೆಯಾದರೆ ಹೇಗೆ ಅಂತ ನನ್ನ ಆಸೆ. ಇದನ್ನು ನಮ್ಮ ಸರ್ವೇಯರ್‌ಗಳ ಸಭೆಯಲ್ಲಿ ಒಮ್ಮೆ ಎತ್ತಿದೆ. ಎಲ್ಲರೂ ತಲೆಯಾಡಿಸಿದರು. ಅಷ್ಟರಲ್ಲಿ ಊಟಕ್ಕೆ ಕರೆದರು, ಊಟದ ಖರ್ಚು ಯಾವ ಕಂಪನಿಯದು ಅಂತ ಬ್ಯಾನರಿನಲ್ಲಿ ದೊಡ್ಡದಾಗಿ ಬರೆದಿತ್ತು.